ರಾಜೀನಾಮೆ ಪತ್ರ ಯಾರ ಕೈಗೆ?

(ದೇವಿಕೊಪ್ಪದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸ ಅಂದರೆ ವಚನ, ಕೀರ್ತನೆ, ಹೆಚ್ಚೆಂದರೆ ಏಕೀಕರಣದ ಹೋರಾಟ ಎಂಬ ರೂಢಿ ನಮ್ಮ ಕಡೆ ಇದೆ. ಚುನಾವಣೆಯಲ್ಲಿ ಸೋತ ನಾಯಕರ ಬಗ್ಗೆ ಮಾತಾಡುತ್ತೇನೆ ಎಂದು ನಾನು ಹೇಳಿದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಒಬ್ಬರು, “ಯಾವ ಪಾರ್ಟಿಯವ್ರೂ ಎದ್ದು ಹೋಗಧಂಗ ಮಾತಾಡ್ರಿ ಸರ, ಅಷ್ಟ ಸಾಕು” ಎಂದರು. ಎಲ್ಲ ಪಾರ್ಟಿಯವರಿಗೂ ಸಮನಾಗಿ ಸಿಟ್ಟು ಬರುವ ಹಾಗೆ ಮಾತಾಡಿದರೆ ಯಾರೂ ಮೊದಲು ಏಳಲಾರರು ಎಂಬ ಧೈರ್ಯ ನನ್ನದು.

ಈ ವಿಷಯಕ್ಕೆ ನಿಮ್ಮ ಊರಿಗಿಂತ ಒಳ್ಳೆಯ ಜಾಗ ಇಲ್ಲ. ಕಲಘಟಗಿ ತಾಲ್ಲೂಕು ಬಯಲುಸೀಮೆ ಮುಗಿದು ಕಾಡು ಶುರುವಾಗುವ ಸೀಮೆ. ಒಂದು ಕಡೆ ಹುಬ್ಬಳ್ಳಿ. ಅಲ್ಲಿನ ರಾಜಕಾರಣದಿಂದ ಎಸ್.ಆರ್. ಬೊಮ್ಮಾಯಿ, ಜಗದೀಶ ಶೆಟ್ಟರ್, ಬಸವರಾಜ ಬೊಮ್ಮಾಯಿ ಎಂಬ ಮೂವರು ಮುಖ್ಯಮಂತ್ರಿಗಳು ಎದ್ದು ಬಂದರು. ಇನ್ನೊಂದು ಕಡೆ ಘಟ್ಟದ ದಾರಿ ಹಿಡಿದು ಹೋದರೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆ, ರಾಮಕೃಷ್ಣ ಹೆಗಡೆಯವರ ಊರು. ಈ ನಾಲ್ವರೂ ಒಂದಲ್ಲ ಒಂದು ದಿನ ಕುರ್ಚಿ ಕಳೆದುಕೊಂಡವರೇ. ಕಳೆದುಕೊಂಡ ರೀತಿ ಮಾತ್ರ ಬೇರೆ ಬೇರೆ.

ಮೊದಲಿಗೆ 1984ರ ಡಿಸೆಂಬರ್.

ಆ ವರ್ಷ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಕೊಲೆಯಾಯಿತು. ಎರಡು ತಿಂಗಳೊಳಗೆ ಲೋಕಸಭೆ ಚುನಾವಣೆ. ದೇಶದ ತುಂಬ ಅನುಕಂಪದ ಅಲೆ. ಕಾಂಗ್ರೆಸ್ಸು ನಾನೂರು ದಾಟಿತು. ಕರ್ನಾಟಕದಲ್ಲಿ ಆಗ ಜನತಾ ಪಕ್ಷದ ಸರ್ಕಾರ, ಹೆಗಡೆ ಮುಖ್ಯಮಂತ್ರಿ. 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 24, ಜನತಾ ಪಕ್ಷಕ್ಕೆ 4. ಆ ನಾಲ್ಕರಲ್ಲಿ ಮೂರು ದಕ್ಷಿಣದ ಕಡೆಯವು, ನಮ್ಮ ಭಾಗದಿಂದ ವಿಜಾಪುರವೊಂದೇ.

ಈಗ ಹೆಗಡೆಯವರ ಜಾಗದಲ್ಲಿ ಕೂತು ಲೆಕ್ಕ ಹಾಕಿ ನೋಡಿ. ಸೋತದ್ದು ದಿಲ್ಲಿಯ ಚುನಾವಣೆ, ವಿಧಾನಸಭೆಯದಲ್ಲ. ವಿಧಾನಸಭೆಯಲ್ಲಿ ಸರ್ಕಾರ ಬಿದ್ದಿರಲಿಲ್ಲ. ಸೋಲಿಗೆ ಕಾರಣ ಕೇಳಿದರೆ ಸಣ್ಣ ಹುಡುಗನೂ ಹೇಳುತ್ತಿದ್ದ: ತಾಯಿ ಸತ್ತ ಮಗನಿಗೆ ಜನ ಓಟು ಹಾಕಿದರು. ಇನ್ನೂ ಒಂದು ನೆಪ ಇತ್ತು. 1980ರ ಲೋಕಸಭೆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಇಂದಿರಾ ಕಾಂಗ್ರೆಸ್ಸು ಗೆದ್ದದ್ದು 27, ಜನತಾ ಪಕ್ಷ ಒಂದೇ ಒಂದು. ಹಾಗೆ ನೋಡಿದರೆ ಒಂದು ನಾಲ್ಕಾಗಿತ್ತು! ಇವತ್ತಿನ ಯಾವುದೇ ಪಕ್ಷದ ವಕ್ತಾರನ ಕೈಗೆ ಈ ಅಂಕಿ ಸಿಕ್ಕಿದ್ದರೆ ಸಂಜೆಯ ಟೀವಿ ಚರ್ಚೆಯಲ್ಲಿ “ನಮ್ಮ ಬಲ ನಾಲ್ಕು ಪಟ್ಟು ಹೆಚ್ಚಾಗಿದೆ” ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ಹೆಗಡೆ ಅದನ್ನು ಹೇಳಲಿಲ್ಲ. ಜನ ತಮ್ಮ ಪಕ್ಷದ ಮೇಲೆ ವಿಶ್ವಾಸ ಕಳೆದುಕೊಂಡಂತಿದೆ, ಹೊಸದಾಗಿ ಕೇಳಬೇಕು ಎಂದು ರಾಜೀನಾಮೆ ಕೊಟ್ಟರು. ರಾಜ್ಯಪಾಲ ಎ.ಎನ್. ಬ್ಯಾನರ್ಜಿ ಅವರಿಗೆ ವಿಧಾನಸಭೆ ವಿಸರ್ಜಿಸುವಂತೆ ಸಲಹೆ ಮಾಡಿದರು. ಚುನಾವಣೆವರೆಗೆ ಹಂಗಾಮಿ ಮುಖ್ಯಮಂತ್ರಿಯಾಗಿ ಉಳಿದರು. 1985ರ ಮಾರ್ಚ್ ಮೊದಲ ವಾರದಲ್ಲಿ ಮತದಾನ. ಜನತಾ ಪಕ್ಷಕ್ಕೆ 224ರಲ್ಲಿ 139. ಎರಡೂವರೆ ತಿಂಗಳ ಹಿಂದೆ ಕಾಂಗ್ರೆಸ್ಸಿಗೆ 24 ಕೊಟ್ಟ ಅದೇ ಜನ!

ಆ ದಿನಗಳ ಒಂದು ಚಿತ್ರ ನನ್ನ ಕಣ್ಣಲ್ಲಿ ಇನ್ನೂ ಇದೆ. ನಮ್ಮ ಓಣಿಯ ಕಟ್ಟಕಡೆಯ ಮನೆಯ ಗೋಡೆಗೆ ಸುಣ್ಣ ಬಳಿದು ಅದರ ಮೇಲೆ ಕೆಮ್ಮಣ್ಣಿನಲ್ಲಿ ಜನತಾ ಪಕ್ಷದ ಗುರುತು ಬರೆದಿದ್ದರು: ಚಕ್ರದೊಳಗೆ ನೇಗಿಲು ಹೊತ್ತ ರೈತ. ಡಿಸೆಂಬರಿನಲ್ಲಿ ಬರೆದದ್ದು. ಸೋತ ಮೇಲೆ ಅಳಿಸುವವರು ಯಾರು? ಫೆಬ್ರುವರಿಯಲ್ಲಿ ಪೇಂಟರು ಬಂದು ಕೆಳಗಿದ್ದ ಅಭ್ಯರ್ಥಿಯ ಹೆಸರಿನ ಮೇಲಷ್ಟೇ ಸುಣ್ಣ ಎಳೆದು ಹೊಸ ಹೆಸರು ಬರೆದ. ರೈತ, ನೇಗಿಲು, ಚಕ್ರ ಎಲ್ಲ ಹಳೆಯವೇ. ಪಕ್ಕದ ಗೋಡೆಯ ಮೇಲಿನ ಹಸ್ತಕ್ಕೂ ಅದೇ ಗತಿಯಾಯಿತು. ಗೋಡೆ ಎರಡೂ ಹಾಗೇ ಇದ್ದು, ನೋಡುವ ಕಣ್ಣು ಮಾತ್ರ ಬದಲಾಗಿತ್ತು. ಊರಿನ ಕಟ್ಟೆಯ ಮೇಲೆ ಆಗ ಜನ ಆಡಿಕೊಳ್ಳುತ್ತಿದ್ದ ಮಾತು: “ದಿಲ್ಲಿಗೆ ರಾಜೀವ, ಬೆಂಗಳೂರಿಗೆ ಹೆಗಡೆ.” ಒಂದೇ ಮತದಾರ ಎರಡು ಚುನಾವಣೆಗೆ ಎರಡು ತಕ್ಕಡಿ ಇಟ್ಟುಕೊಳ್ಳಬಲ್ಲ ಎಂದು ದೇಶದ ಪಂಡಿತರಿಗೆ ಗೊತ್ತಾದದ್ದು ಆಗ.

ಇದನ್ನು ನೈತಿಕ ರಾಜಕಾರಣದ ಎತ್ತರದ ಉದಾಹರಣೆ ಎಂದು ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು, ನಾನು ಇಲ್ಲೇ ಕೂತುಬಿಡಬಹುದು. ಬಹಳ ಭಾಷಣಗಳು ಇಲ್ಲೇ ಮುಗಿಯುತ್ತವೆ. ನನಗೆ ಅಷ್ಟಕ್ಕೆ ಸಮಾಧಾನ ಇಲ್ಲ. ಹೆಗಡೆಯವರಿಗೆ ಈ ಬುದ್ಧಿ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ಅದಕ್ಕೆ ಹದಿಮೂರು ವರ್ಷ ಹಿಂದೆ, ಅಲ್ಲಿಂದ ಇನ್ನೂ ಒಂಬತ್ತು ವರ್ಷ ಹಿಂದೆ ಹೋಗಬೇಕು.

1962. ಆಗ ಇನ್ನೂ ಮೈಸೂರು ರಾಜ್ಯ. ವಿಧಾನಸಭೆಯ 208 ಸ್ಥಾನಗಳಲ್ಲಿ ಕಾಂಗ್ರೆಸ್ಸು 138 ಗೆದ್ದಿತು. ಆದರೆ ಮುಖ್ಯಮಂತ್ರಿಯಾಗಬೇಕಾದ ಎಸ್. ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ದಿಬ್ಬಣ ಬಂತು, ಮದುವಣಿಗ ಇಲ್ಲ. ಆಗ ಹುನಗುಂದದಿಂದ ಗೆದ್ದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ಮಾರ್ಚ್ 14ರಿಂದ ಜೂನ್ 20ರ ತನಕ, ಹತ್ತಿರ ಹತ್ತಿರ ನೂರು ದಿನ. ಅಷ್ಟರಲ್ಲಿ ಬಾಗಲಕೋಟೆಯ ಸ್ಥಾನ ತೆರವು ಮಾಡಿಸಿ ಅಲ್ಲಿಂದ ನಿಜಲಿಂಗಪ್ಪ ಆಯ್ಕೆಯಾಗಿ ಬಂದರು. ಕಂಠಿ ಕುರ್ಚಿಯಿಂದ ಎದ್ದರು, ನಿಜಲಿಂಗಪ್ಪ ಕೂತರು, ಕಂಠಿ ಅದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು. ನಮ್ಮ ಉತ್ತರ ಕರ್ನಾಟಕದವರು ಇವತ್ತಿಗೂ ಅವರನ್ನು ಪಾದುಕೆ ಇಟ್ಟು ಆಳಿದ ಭರತ ಎನ್ನುತ್ತೇವೆ. ಸೋಲದೆಯೇ ಎದ್ದ ಮುಖ್ಯಮಂತ್ರಿ ಕಂಠಿಯವರು. ಅಂಥವರ ಬಗ್ಗೆ ಒಂದು ಪ್ರತ್ಯೇಕ ದತ್ತಿಯನ್ನೇ ಇಡಬೇಕು.

ಆದರೆ ಹೊಸದುರ್ಗದ ಮತದಾರನ ಕಡೆಯಿಂದ ನೋಡಿ. ಅವನು ಒಬ್ಬರನ್ನು ಬೇಡ ಎಂದ. ನಾಯಕರು ಅವನ ಹತ್ತಿರ ಮತ್ತೆ ಹೋಗಲಿಲ್ಲ. ಬೇರೆ ಊರಿನ ಬಾಗಿಲು ತೆಗೆಸಿಕೊಂಡು ಒಳಗೆ ಬಂದರು. ಕಾಯ್ದೆ ಪ್ರಕಾರ ಇದರಲ್ಲಿ ತಪ್ಪಿಲ್ಲ. ಪಕ್ಷದ 138 ಶಾಸಕರಿಗೆ ನಿಜಲಿಂಗಪ್ಪನವರೇ ಬೇಕಾಗಿತ್ತು ಎಂಬುದೂ ಸುಳ್ಳಲ್ಲ. ಏಕೀಕರಣಕ್ಕೆ ದುಡಿದ ದೊಡ್ಡ ಮನುಷ್ಯ ಅವರು, ಧಾರವಾಡದ ನೆಲದಲ್ಲಿ ನಿಂತು ಅವರನ್ನು ಹಗುರಾಗಿ ಮಾತಾಡಲು ನನ್ನ ನಾಲಿಗೆ ಏಳುವುದಿಲ್ಲ. ಆದರೂ ಸೋಲಿನ ಉತ್ತರವನ್ನು ಮತದಾರನ ಹತ್ತಿರ ಕೇಳದೆ ಪಕ್ಷದ ಮನೆಯೊಳಗೇ ಹೊಂದಿಸಿಕೊಂಡದ್ದು ಆ ಸಲ ನಡೆದ ಸಂಗತಿ.

ನಿಜಲಿಂಗಪ್ಪನವರಿಗೆ ಇಬ್ಬರು ಶಿಷ್ಯರು, ವೀರೇಂದ್ರ ಪಾಟೀಲ ಮತ್ತು ರಾಮಕೃಷ್ಣ ಹೆಗಡೆ. ಲವಕುಶರು ಎಂದೇ ಆ ಕಾಲದ ಪತ್ರಿಕೆಗಳು ಕರೆಯುತ್ತಿದ್ದವು. 1968ರಲ್ಲಿ ನಿಜಲಿಂಗಪ್ಪ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹೋದಾಗ ವೀರೇಂದ್ರ ಪಾಟೀಲ ಮುಖ್ಯಮಂತ್ರಿಯಾದರು, ಹೆಗಡೆ ಅವರ ಸಂಪುಟದಲ್ಲಿ ಹಣಕಾಸು ನೋಡಿಕೊಂಡರು. ಮರುವರ್ಷ ಕಾಂಗ್ರೆಸ್ಸು ಒಡೆಯಿತು. ನಿಜಲಿಂಗಪ್ಪನವರ ಕಡೆ ಸಂಸ್ಥಾ ಕಾಂಗ್ರೆಸ್ಸು, ಇಂದಿರಾ ಅವರ ಕಡೆ ಆಡಳಿತ ಕಾಂಗ್ರೆಸ್ಸು. ರಾಜ್ಯ ಸರ್ಕಾರ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲೇ ಉಳಿಯಿತು.

1971ರ ಮಾರ್ಚಿನಲ್ಲಿ ಲೋಕಸಭೆ ಚುನಾವಣೆ. ರಾಜ್ಯದ 27ಕ್ಕೆ 27ನ್ನೂ ಇಂದಿರಾ ಕಡೆಯವರು ಗೆದ್ದರು. ಆಳುವ ಪಕ್ಷಕ್ಕೆ ಸೊನ್ನೆ. ಸೋತದ್ದು ಆಗಲೂ ದಿಲ್ಲಿಯ ಚುನಾವಣೆ, ವಿಧಾನಸಭೆಯದಲ್ಲ. ಸರಿಯಾಗಿ 1984ರ ಹಾಗೆಯೇ. ಮುಂದೇನಾಯಿತು? ಶಾಸಕರು ಗಾಳಿ ಬಂದ ಕಡೆ ತೂರಿಕೊಂಡರು. ನಿನ್ನೆ ಮುಖ್ಯಮಂತ್ರಿಯ ಮನೆಯ ಪಡಸಾಲೆಯಲ್ಲಿ ಚಹಾ ಕುಡಿದವರು ಇವತ್ತು ಎದುರು ಪಾಳಯದ ಪಟ್ಟಿಯಲ್ಲಿ. ಬಹುಮತ ದಿನಗಳೊಳಗೆ ಕರಗಿತು. ವೀರೇಂದ್ರ ಪಾಟೀಲರು ರಾಜೀನಾಮೆ ಕೊಟ್ಟಾಗ ಅವರ ಕೈಯಲ್ಲಿ ಕೊಡುವಂಥದ್ದೇನೂ ಉಳಿದಿರಲಿಲ್ಲ. ಮಾರ್ಚ್ ತಿಂಗಳಲ್ಲೇ ರಾಷ್ಟ್ರಪತಿ ಆಳ್ವಿಕೆ ಬಂತು, ಮರುವರ್ಷ ದೇವರಾಜ ಅರಸು ಬಂದರು. ಆಮೇಲಿನ ಕಥೆ ನಿಮಗೆ ಗೊತ್ತು.

ಈ ಕರಗುವಿಕೆಯನ್ನು ಹೆಗಡೆ ಸಂಪುಟದೊಳಗೆ ಕೂತು ನೋಡಿದವರು. 1984ರಲ್ಲಿ ಅದೇ ಪರಿಸ್ಥಿತಿ ತಮ್ಮ ತಲೆಯ ಮೇಲೆ ಬಂದಾಗ ಅವರಿಗೆ 1971 ನೆನಪಾಗದೆ ಇದ್ದೀತೆ? ನನ್ನ ಊಹೆ ಇದು, ದಾಖಲೆ ಕೇಳಬೇಡಿ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಅರ್ಥ ನನಗೆ ಹೊಳೆಯುವುದಿಲ್ಲ. ಹೆಗಡೆ ಸರ್ಕಾರ ಮೊದಲಿಂದಲೂ ಕೋಲು ಊರಿಕೊಂಡು ನಡೆದದ್ದು. 1983ರಲ್ಲಿ ಜನತಾ ಕೂಟಕ್ಕೆ ಬಂದದ್ದು 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಬಿಜೆಪಿ ಒಂದು ಕಡೆ, ಎಡಪಕ್ಷಗಳು ಇನ್ನೊಂದು ಕಡೆ ಹೊರಗಿನಿಂದ ಕೈ ಕೊಟ್ಟದ್ದಕ್ಕೆ ಅದು ನಿಂತಿತ್ತು. ಲೋಕಸಭೆಯಲ್ಲಿ 24–4 ಆದ ಮೇಲೆ ಶಾಸಕರನ್ನು ಸೆಳೆಯುವ ವ್ಯಾಪಾರ ಶುರುವಾಗಲು ತಡವಾಗುತ್ತಿರಲಿಲ್ಲ. ಕಾದು ಕೂತಿದ್ದರೆ ವೀರೇಂದ್ರ ಪಾಟೀಲರ ಗತಿಯೇ. ಕುರ್ಚಿ ತಾನಾಗಿ ಹೋಗುವ ಮೊದಲು ತಾವೇ ಎದ್ದರು. ಬಿಟ್ಟುಕೊಡುವಂಥದ್ದು ಇನ್ನೂ ಕೈಯಲ್ಲಿದ್ದಾಗ ಬಿಟ್ಟರು.

ಹಾಗಾದರೆ ಅದು ನೀತಿಯೋ, ಲೆಕ್ಕಾಚಾರವೋ? ನಾನು ಬಹಳ ದಿನ ಈ ಪ್ರಶ್ನೆಯನ್ನು ಹಿಡಿದು ತಿರುಗಿದೆ. ಈಗ ಅದು ಹುರುಳಿಲ್ಲದ ಪ್ರಶ್ನೆ ಅನಿಸುತ್ತದೆ. ಮನುಷ್ಯನ ಎದೆ ಸೀಳಿ ಯಾರು ನೋಡಿದ್ದಾರೆ? ನಮಗೆ ಕಾಣುವುದು ಪತ್ರ ಯಾರ ಕೈಗೆ ಹೋಯಿತು ಎಂಬುದಷ್ಟೇ. ಪಾಲಿಗೆ ಹೊಲ ಮಾಡಿದವನೊಬ್ಬ ಒಂದು ವರ್ಷ ಬೆಳೆ ತೆಗೆಯಲಾರದೆ ಹೋದ ಅಂದುಕೊಳ್ಳಿ. ಅವನು ಹೊಲವನ್ನು ತನ್ನ ಅಳಿಯನ ಹೆಸರಿಗೆ ದಾಟಿಸಿ, ಮುಂದಿನ ಹಂಗಾಮಿಗೆ ತಾನೇ ನೇಗಿಲು ಹೂಡಬಹುದು. ಇಲ್ಲವೆ ಹೊಲದ ಧಣಿಯ ಮುಂದೆ ಹೋಗಿ, “ಈ ವರ್ಷ ನನ್ನ ಕೈಲಿ ಆಗಲಿಲ್ಲ ರೀ, ನನಗ ಕೊಡ್ತೀರೋ ಬ್ಯಾರೆಯವ್ರಿಗೆ ಕೊಡ್ತೀರೋ ನೀವ ಹೇಳ್ರಿ” ಅನ್ನಬಹುದು. ಎರಡನೆಯವನಿಗೂ ಹೊಲ ಮತ್ತೆ ಸಿಕ್ಕೀತೆಂಬ ಆಸೆ ಇದ್ದೇ ಇರುತ್ತದೆ. ಇರಲಿ. ಕೇಳಬೇಕಾದವರನ್ನು ಕೇಳಿದನಲ್ಲ. ಹೆಗಡೆಯವರ 1984ರ ಪತ್ರ ರಾಜಭವನದ ಮೂಲಕ ನಮ್ಮ ನಿಮ್ಮ ಕೈಗೆ ಬಂತು. ಅವರ ಗೆಲುವಿಗಿಂತ ಈ ಸಂಗತಿ ನನಗೆ ಹೆಚ್ಚಿನದು ಅನಿಸುತ್ತದೆ. ಅವರು ಸೋತಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಆ ಪತ್ರದ ಬೆಲೆ ತೆತ್ತವರೂ ಇದ್ದಾರೆ. ಬೆಂಬಲ ಕೊಟ್ಟ ಬಿಜೆಪಿ 1985ರಲ್ಲಿ 18ರಿಂದ 2ಕ್ಕೆ ಇಳಿಯಿತು. ಹೊಸ ಚುನಾವಣೆ ಹೆಗಡೆಯವರಿಗೆ ಬೇಕಾಗಿತ್ತು, ಆ ಹದಿನಾರು ಶಾಸಕರಿಗೆ ಬೇಕಾಗಿತ್ತೋ ಇಲ್ಲವೋ ನೀವೇ ಊಹಿಸಿ.

ಮತದಾರನ ಕೈಯಿಂದ ಹಾಗೆ ಮರಳಿ ಬಂದ ಅಧಿಕಾರದಿಂದ ಹಳ್ಳಿಗೆ ಏನು ಬಂತು ಎಂದು ಕೇಳಬೇಕಲ್ಲ. ನೀರು ಬಂತು. ಅಬ್ದುಲ್ ನಜೀರ್ ಸಾಬರ ಕೈಪಂಪಿನ ಬೋರು ನೋಡದ ಹಳ್ಳಿ ಆ ಕಾಲಕ್ಕೆ ಕಡಿಮೆ. ‘ನೀರ್ ಸಾಬ’ ಎಂದೇ ಜನ ಅವರನ್ನು ಕರೆದರು. ಇನ್ನೊಂದು, ಪಂಚಾಯತಿ. 1983ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ನಾಲ್ಕರಲ್ಲೊಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಇಲ್ಲಿ ಕೂತ ಕೆಲವು ಅವ್ವಂದಿರು ಆ ಮಂಡಲ ಪಂಚಾಯತಿ ಸಭೆಗಳನ್ನು ನೆನೆಸಿಕೊಂಡಾರು; ಗಂಡಂದಿರು ಹೊರಗೆ ಕಟ್ಟೆಯ ಮೇಲೆ ಕೂತು ಒಳಗೆ ಏನು ಮಾತಾಡಬೇಕೆಂದು ಸನ್ನೆ ಮಾಡುತ್ತಿದ್ದ ಕಾಲ ಅದು. ಈಗ ಆ ಕಾಲ ಪೂರ್ತಿ ಹೋಗಿದೆ ಅಂತ ನಾನು ಹೇಳಲಾರೆ.

ಹೆಗಡೆಯವರ ರಾಜೀನಾಮೆಗಳೆಲ್ಲ ಒಂದೇ ತೂಕದವಲ್ಲ ಎಂಬುದನ್ನೂ ಹೇಳಬೇಕು. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟು ಸರ್ಕಾರವನ್ನು ಟೀಕಿಸಿತು. ಹೆಗಡೆ ರಾಜೀನಾಮೆ ಕೊಟ್ಟರು. ಮೂರು ದಿನದಲ್ಲಿ ವಾಪಸ್ಸು ತಗೊಂಡರು. ಆ ಪತ್ರ ಪಕ್ಷದ ಮನೆ ಹೊಕ್ಕು ಅಲ್ಲಿಂದಲೇ ಹಿಂತಿರುಗಿತು. ಎರಡನೇ ಸಲ ರಾಜೀನಾಮೆ ಎಂದಾಗ ಜನ ಮೊದಲಿನ ಹಾಗೆ ಬೆರಗಾಗಲಿಲ್ಲ, ಕೆಲವರು ನಕ್ಕರು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಗದ್ದಲದಲ್ಲಿ ಕೊಟ್ಟ ಪತ್ರ ಮಾತ್ರ ಹಿಂದಕ್ಕೆ ಬರಲಿಲ್ಲ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿದ್ದ ಎಸ್.ಆರ್. ಬೊಮ್ಮಾಯಿ ಆ ತಿಂಗಳ 13ರಂದು ಮುಖ್ಯಮಂತ್ರಿಯಾದರು.

ಬೊಮ್ಮಾಯಿಯವರ ವಿಷಯಕ್ಕೆ ಬಂದರೆ ನನ್ನ ವಾದ ಪರೀಕ್ಷೆಗೆ ನಿಲ್ಲುತ್ತದೆ. ಯಾಕೆಂದರೆ ಅವರು ಬಿಡಲಿಲ್ಲ. 1989ರ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈ ಸೇರಿದವು: ನಾವು ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂದು. ಅವರಲ್ಲಿ ಕೆಲವರು ಮರುದಿನವೇ ಬಂದು, ನಮ್ಮ ಸಹಿ ಮೋಸದಿಂದ ಪಡೆದದ್ದು, ನಾವು ಬೊಮ್ಮಾಯಿಯವರ ಕಡೆಯೇ ಇದ್ದೇವೆ ಎಂದರು. ಬೊಮ್ಮಾಯಿ ಕೇಳಿದ್ದು ಒಂದೇ: ಸದನ ಕರೆಯಿರಿ, ಅಲ್ಲಿ ತಲೆ ಎಣಿಸಿ. ರಾಜ್ಯಪಾಲರು ಎಣಿಸಗೊಡಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ. ಬೊಮ್ಮಾಯಿ ಕೋರ್ಟಿಗೆ ಹೋದರು. ಐದು ವರ್ಷದ ನಂತರ, 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂಬುದು ಗೊತ್ತಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಅವರ ಕುರ್ಚಿ ಅವರಿಗೆ ಮರಳಿ ಬರಲಿಲ್ಲ. ಆದರೆ ಇವತ್ತು ಇಂಡಿಯಾದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ವಕೀಲರ ಬಾಯಲ್ಲಿ ಮೊದಲು ಬರುವ ಹೆಸರು ನಮ್ಮ ಕಡೆಯವರದು.

ಹೆಗಡೆ ಬಿಟ್ಟು ದೊಡ್ಡವರಾದರು, ಬೊಮ್ಮಾಯಿ ಬಿಡದೆ ದೊಡ್ಡವರಾದರು. ಇದು ಹೇಗೆ ಎಂದರೆ, ಇಬ್ಬರೂ ಕೇಳಿದ್ದು ಎಣಿಸಬೇಕಾದವರೇ ಎಣಿಸಲಿ ಎಂದು. ಒಬ್ಬರು ಮತಪೆಟ್ಟಿಗೆಯ ಮುಂದೆ, ಇನ್ನೊಬ್ಬರು ಸದನದ ಮುಂದೆ.

ಸೋಲಿನ ದಿನವೇ ಬಿಟ್ಟವರ ವಿಷಯದಲ್ಲಿ ಹೇಳುವುದು ಕಡಿಮೆ. 2013ರ ಮೇ 8ರಂದು ಬಿಜೆಪಿ 40ಕ್ಕೆ ಇಳಿದಾಗ ಜಗದೀಶ ಶೆಟ್ಟರ್, 2023ರ ಮೇ 13ರಂದು 66ಕ್ಕೆ ಇಳಿದಾಗ ಬಸವರಾಜ ಬೊಮ್ಮಾಯಿ, ಸಂಜೆಯೊಳಗೆ ಪತ್ರ ಕೊಟ್ಟರು. ಅದು ಲೆಕ್ಕದ ರಾಜೀನಾಮೆ. ಎದುರಿನವರಿಗೆ 122, 135 ಬಂದಮೇಲೆ ಬೇರೆ ದಾರಿ ಇಲ್ಲ. ಹೆಗಡೆಯವರಿಗಿಂತ ಮುಂಚಿನ ಮುಖ್ಯಮಂತ್ರಿ ಗುಂಡೂರಾಯರದು ಇನ್ನೂ ಖಡಕ್ಕು. 1980ರ ಜುಲೈ 21ರಂದು ನಮ್ಮ ಜಿಲ್ಲೆಯ ನವಲಗುಂದದಲ್ಲಿ, ಪಕ್ಕದ ನರಗುಂದದಲ್ಲಿ ಮಲಪ್ರಭೆ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಆ ದಿನ ಸತ್ತವರಿಗೆ ವರ್ಷವರ್ಷವೂ ಹೂ ಹಾಕುವವರು ಇವತ್ತಿಗೂ ಇದ್ದಾರೆ. ಅಲ್ಲಿಂದ ಎದ್ದ ಸಿಟ್ಟು ರಾಜ್ಯವೆಲ್ಲ ಹಬ್ಬಿತು, ರೈತ ಸಂಘ ಹುಟ್ಟಿತು. 1983ರ ಜನವರಿಯಲ್ಲಿ ಗುಂಡೂರಾಯರ ಪಕ್ಷವೂ ಸೋತಿತು, ಸೋಮವಾರಪೇಟೆಯಲ್ಲಿ ಅವರೂ ಸೋತರು. ಅಲ್ಲಿಗೆ ರಾಜೀನಾಮೆಯನ್ನು ಮತದಾರನೇ ಬರೆದು ಕೈಗಿಟ್ಟ ಹಾಗಾಯಿತು.

ಕಷ್ಟದ ಪ್ರಶ್ನೆ ಇರುವುದು ಪಕ್ಷದ ಅಧ್ಯಕ್ಷರಲ್ಲಿ. ಮುಖ್ಯಮಂತ್ರಿಯ ಪತ್ರ ರಾಜ್ಯಪಾಲರಿಗೆ ಹೋಗುತ್ತದೆ, ಶಾಸಕನದು ಸಭಾಧ್ಯಕ್ಷರಿಗೆ. ನಿಮ್ಮ ಗ್ರಾಮ ಪಂಚಾಯತಿ ಅಧ್ಯಕ್ಷರು ರಾಜೀನಾಮೆ ಕೊಟ್ಟರೂ ಅದು ಉಪವಿಭಾಗಾಧಿಕಾರಿಗೆ ಹೋಗಬೇಕು. ಎಲ್ಲದಕ್ಕೂ ಕಾಯ್ದೆ ಇದೆ, ಟಪಾಲು ಪುಸ್ತಕ ಇದೆ, ಸ್ವೀಕೃತಿಯ ಸಹಿ ಇದೆ. ಪಕ್ಷದ ಅಧ್ಯಕ್ಷನ ಪತ್ರಕ್ಕೆ ಇದಾವುದೂ ಇಲ್ಲ. ಅದು ದಿಲ್ಲಿಗೋ ಒಂದು ಮನೆಗೋ ಹೋಗುತ್ತದೆ, ಅಲ್ಲಿ ಮಲಗುತ್ತದೆ.

2019 ಅದಕ್ಕೆ ಒಳ್ಳೆಯ ವರ್ಷ. ಲೋಕಸಭೆಯಲ್ಲಿ ಜೆಡಿಎಸ್ ಏಳು ಕಡೆ ನಿಂತು ಹಾಸನವೊಂದನ್ನು ಗೆದ್ದಿತು. ತುಮಕೂರಿನಲ್ಲಿ ಸ್ವತಃ ದೇವೇಗೌಡರು ಸೋತರು. ಜೂನ್ ಮೊದಲ ವಾರ ರಾಜ್ಯಾಧ್ಯಕ್ಷ ಎ.ಎಚ್. ವಿಶ್ವನಾಥ್ ನೈತಿಕ ಹೊಣೆ ಎಂದು ಹುದ್ದೆ ಬಿಟ್ಟರು. ರಾಷ್ಟ್ರೀಯ ಅಧ್ಯಕ್ಷರಾದ ದೇವೇಗೌಡರು ಬಿಡಲಿಲ್ಲ. ಅವರು ಬಿಟ್ಟರೆ ಆ ಪಕ್ಷದಲ್ಲಿ ಪತ್ರ ಪಡೆಯುವವರು ಯಾರು ಎಂಬ ತಾಂತ್ರಿಕ ತೊಡಕು ಇದ್ದೀತು! ಮುಂದಿನ ತಿಂಗಳೇ ವಿಶ್ವನಾಥ್ ಇನ್ನೊಂದು ಪತ್ರ ಬರೆದರು. ಈ ಸಲ ಶಾಸಕ ಸ್ಥಾನಕ್ಕೆ. ಆಗಿನ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಬಿತ್ತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ಹುಣಸೂರಿನಲ್ಲಿ ನಿಂತು ಸೋತರು. ಮೊದಲನೆಯ ಪತ್ರವನ್ನು ಎರಡನೆಯದು ನುಂಗಿಹಾಕಿತು.

ಅದೇ ಉಪಚುನಾವಣೆಯ ಫಲಿತಾಂಶ ಬಂದದ್ದು ಡಿಸೆಂಬರ್ 9ಕ್ಕೆ. ಹದಿನೈದರಲ್ಲಿ ಬಿಜೆಪಿಗೆ 12, ಕಾಂಗ್ರೆಸ್ಸಿಗೆ 2. ನಿಮ್ಮ ನೆರೆಯ ಯಲ್ಲಾಪುರದಲ್ಲಿ ಕಾಂಗ್ರೆಸ್ ಬಿಟ್ಟು ಹೋದ ಶಿವರಾಮ ಹೆಬ್ಬಾರರು ಬಿಜೆಪಿಯಿಂದ ಗೆದ್ದರು. ಅವತ್ತೇ ಸಿದ್ದರಾಮಯ್ಯ ಶಾಸಕಾಂಗ ಪಕ್ಷದ ನಾಯಕತ್ವಕ್ಕೆ, ದಿನೇಶ್ ಗುಂಡೂರಾವ್ ಪ್ರದೇಶ ಕಾಂಗ್ರೆಸ್ ಅಧ್ಯಕ್ಷತೆಗೆ ರಾಜೀನಾಮೆ ಕೊಟ್ಟರು. ದಿನೇಶ್ ಎಂದರೆ ಆ ಗುಂಡೂರಾಯರ ಮಗ. ಅಪ್ಪನಿಗೆ ಮತದಾರ ಬಿಡಿಸಿದ, ಮಗ ತಾನಾಗಿ ಬಿಟ್ಟ. ಇಬ್ಬರ ಪತ್ರವೂ ದಿಲ್ಲಿ ಸೇರಿ ಮೂರು ತಿಂಗಳು ಕೂತವು. 2020ರ ಮಾರ್ಚ್ 11ರಂದು ಉತ್ತರ ಬಂತು: ಅಧ್ಯಕ್ಷರಾಗಿ ಡಿ.ಕೆ. ಶಿವಕುಮಾರ್, ಶಾಸಕಾಂಗ ಪಕ್ಷಕ್ಕೆ ಸಿದ್ದರಾಮಯ್ಯನವರೇ ಮುಂದುವರಿಯಲಿ. ಒಂದೇ ಸೋಲು, ಒಂದೇ ದಿನದ ಎರಡು ಪತ್ರ. ಒಂದು ನಡೆಯಿತು, ಒಂದು ನಡೆಯಲಿಲ್ಲ. ಯಾಕೆ ಎಂದು ಕಾರ್ಯಕರ್ತರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಬಿಜೆಪಿಯವರು ನಗಬೇಕಾದ್ದಿಲ್ಲ. 2023ರ ಮೇ 13ರಂದು ಸೋತ ಮೇಲೆ ಅವರು ವಿರೋಧ ಪಕ್ಷದ ನಾಯಕನನ್ನೇ ಆರು ತಿಂಗಳು ಆರಿಸಲಿಲ್ಲ. ಜುಲೈ 7ರಂದು ಸಿದ್ದರಾಮಯ್ಯ ಬಜೆಟ್ ಓದುವಾಗ ಎದುರಿನ ಆ ಕುರ್ಚಿಗೆ ಹೆಸರಿರಲಿಲ್ಲ. ನವೆಂಬರಿನಲ್ಲಿ ಬಿ.ವೈ. ವಿಜಯೇಂದ್ರ ಅಧ್ಯಕ್ಷರಾದರು, ವಾರದ ನಂತರ ಆರ್. ಅಶೋಕ ವಿರೋಧ ಪಕ್ಷದ ನಾಯಕರಾದರು. ಸೋತ ಪಕ್ಷಕ್ಕೂ ಜನ ಒಂದು ಕೆಲಸ ಕೊಟ್ಟಿರುತ್ತಾರೆ, ಎದುರು ಕೂತು ಲೆಕ್ಕ ಕೇಳುವ ಕೆಲಸ. ಬರಗಾಲದ ಆ ವರ್ಷ ಅದನ್ನು ಮಾಡಲು ಆಳು ನೇಮಿಸಲಿಕ್ಕೂ ದಿಲ್ಲಿಯ ಕಡೆ ನೋಡಬೇಕಾಯಿತು.

ಇಂಗ್ಲೆಂಡಿನಲ್ಲಿ ಸೋತ ನಾಯಕ ಹುದ್ದೆ ಬಿಡುವುದು ಮರುದಿನ ಬೆಳಗಿನ ಕೆಲಸ. 2015ರ ಮೇ 8ರಂದು ಎಡ್ ಮಿಲಿಬ್ಯಾಂಡ್, ನಿಕ್ ಕ್ಲೆಗ್, ನೈಜೆಲ್ ಫರಾಜ್, ಮೂರು ಪಕ್ಷದ ಮೂವರು ನಾಯಕರು ಮಧ್ಯಾಹ್ನದೊಳಗೆ ಬಿಟ್ಟರು. ಫರಾಜ್ ಮೂರು ದಿನಕ್ಕೆ ವಾಪಸ್ಸು ಬಂದ. ಆ ರೋಗ ಎಲ್ಲ ಕಡೆಯೂ ಇದೆ. 2024ರ ಜುಲೈನಲ್ಲಿ ರಿಷಿ ಸುನಕ್ ಪಕ್ಷ 121ಕ್ಕೆ ಇಳಿದಾಗ, ಹೊಸಬರನ್ನು ಆರಿಸುವ ವ್ಯವಸ್ಥೆ ಆದಮೇಲೆ ಬಿಡುತ್ತೇನೆ ಎಂದ. ನವೆಂಬರಿನಲ್ಲಿ ಕೆಮಿ ಬೇಡನಾಕ್ ಬಂದರು. ಅವರನ್ನು ಆರಿಸಿದ್ದು ಪಕ್ಷಕ್ಕೆ ಚಂದಾ ಕಟ್ಟಿದ ಸದಸ್ಯರ ಓಟು. ಅಲ್ಲಿ ನಾಯಕ ಬಿಟ್ಟದ್ದು ಯಾರ ಕೈ ಸೇರುತ್ತದೆ ಎಂದು ಸದಸ್ಯನಿಗೆ ಗೊತ್ತಿರುತ್ತದೆ. ನಮ್ಮ ಪಕ್ಷಗಳ ಸದಸ್ಯತ್ವದ ಚೀಟಿ ಇಲ್ಲಿ ಎಷ್ಟೋ ಜನರ ಕಿಸೆಯಲ್ಲಿದೆ. ಆ ಚೀಟಿ ಹಿಡಿದು ರಾಜ್ಯಾಧ್ಯಕ್ಷರ ಆಯ್ಕೆಗೆ ಓಟು ಹಾಕಿದವರು ಕೈ ಎತ್ತಿ ನೋಡೋಣ.

(ಯಾರೂ ಎತ್ತಲಿಲ್ಲ. ಒಬ್ಬರು ಎತ್ತಿದ್ದು ನೀರು ಬೇಕು ಎಂದು.)

ವೀರೇಂದ್ರ ಪಾಟೀಲರ ಎರಡನೇ ಅವತಾರವನ್ನು ಇಲ್ಲಿ ಸೇರಿಸಲೇಬೇಕು. 1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ಸಿಗೆ 178 ಬಂತು. ಅಷ್ಟು ಗೆದ್ದವರನ್ನು ಹನ್ನೊಂದು ತಿಂಗಳಲ್ಲಿ, ಕಾಯಿಲೆಯಲ್ಲಿದ್ದಾಗ, ಪಕ್ಷದ ಅಧ್ಯಕ್ಷರು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಆಡಿದ ಮಾತಿನ ಮೇಲೆ ಇಳಿಸಿದರು. 1994ರಲ್ಲಿ ಆ ಪಕ್ಷ 34ಕ್ಕೆ ಬಂತು. 1971ರಲ್ಲಿ ಸೊನ್ನೆ ಪಡೆದಾಗ ಶಾಸಕರು ಕೈಬಿಟ್ಟರು, 178 ಪಡೆದಾಗ ಹೈಕಮಾಂಡ್ ಕೈಬಿಟ್ಟಿತು. ಎರಡು ಸಲವೂ ನಮ್ಮನ್ನು ನಿಮ್ಮನ್ನು ಯಾರೂ ಕೇಳಲಿಲ್ಲ.

ನಿಮ್ಮ ಪಂಚಾಯತಿಗಳಲ್ಲೂ ಈ ರೋಗದ ಸಣ್ಣ ರೂಪ ಇದೆ. ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಗೆದ್ದ ಗುಂಪಿನವರು ಯಾರದೋ ಮನೆಯಲ್ಲಿ ದೇವರ ಮುಂದೆ ಭಂಡಾರ ಮುಟ್ಟಿ, ತಲಾ ಹದಿನೈದು ತಿಂಗಳು ಎಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಹದಿನೈದು ತುಂಬಿದ ಮೇಲೆ ಮೊದಲಿನವರು ಏಳುವುದಿಲ್ಲ. ಕೋಪ, ಪಂಚಾಯ್ತಿ, ಅವಿಶ್ವಾಸದ ನೋಟೀಸು. ಎದ್ದರೂ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಳಗಿಂದೊಳಗೇ ದಾಟಿದ ಕುರ್ಚಿ. ಗ್ರಾಮಸಭೆಗೆ ಗೊತ್ತಾಗುವುದು ಬೋರ್ಡಿನ ಮೇಲೆ ಹೆಸರು ಬದಲಾದಾಗ.

ಇನ್ನು ಹೆಗಡೆಯವರ ಕಥೆಯ ಉಳಿದ ಭಾಗ. 1991ರಲ್ಲಿ ಅವರು ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು; ಗುರುಗಳು ಸೋಲಿನ ನಂತರ ಆಸರೆ ಪಡೆದ ಅದೇ ಬಾಗಲಕೋಟೆ. ಎದುರಿಗೆ ಜಮಖಂಡಿ ಕಡೆಯ ಸಿದ್ದು ನ್ಯಾಮಗೌಡ. ಕೃಷ್ಣೆಗೆ ಸರ್ಕಾರ ಕಟ್ಟದ ಬ್ಯಾರೇಜನ್ನು ಚಿಕ್ಕಪಡಸಲಗಿಯಲ್ಲಿ ರೈತರಿಂದ ದುಡ್ಡು ಕೂಡಿಸಿ, ರೈತರನ್ನೇ ಕೂಡಿಸಿಕೊಂಡು ಕಟ್ಟಿದ ಮನುಷ್ಯ. ದೇಶದ ಪ್ರಧಾನಿಯಾಗಬಲ್ಲವರು ಎಂದು ಪತ್ರಿಕೆಗಳು ಬರೆದಿದ್ದ ಹೆಗಡೆ, ಬ್ಯಾರೇಜ್ ಸಿದ್ದುವಿನ ಮುಂದೆ ಸೋತರು. ಬಿಡಲಿಕ್ಕೆ ಅವರ ಕೈಯಲ್ಲಿ ಆಗ ಕುರ್ಚಿ ಇರಲಿಲ್ಲ. 1996ರಲ್ಲಿ ಜನತಾದಳ ಅವರನ್ನು ಹೊರಗೆ ಹಾಕಿತು. ಲೋಕಶಕ್ತಿ ಕಟ್ಟಿದರು. 1998ರಲ್ಲಿ ಬಿಜೆಪಿಯ ಜೊತೆ ಹೋದರು. ಆ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ 13, ಲೋಕಶಕ್ತಿಗೆ 3. ಹೆಗಡೆ ದಿಲ್ಲಿಯಲ್ಲಿ ವಾಣಿಜ್ಯ ಮಂತ್ರಿಯಾದರು. 1985ರಲ್ಲಿ ಅವರ ಪತ್ರದಿಂದ 2ಕ್ಕೆ ಇಳಿದ ಪಕ್ಷ ನಮ್ಮ ಉತ್ತರ ಕರ್ನಾಟಕದಲ್ಲಿ ಬೇರು ಬಿಡಲು ಅವರೇ ನೀರು ಹೊಯ್ದರು ಎಂದು ಹಳೆಯ ಜನತಾ ಕಾರ್ಯಕರ್ತರು ಇನ್ನೂ ಬೈಯುತ್ತಾರೆ. ಹಾಗೆ ಬೈದವರಲ್ಲಿ ಹಲವರು ಈಗ ಅದೇ ಪಕ್ಷದಲ್ಲಿದ್ದಾರೆ, ಒಂದಿಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರು ಪ್ರಶ್ನೆ ಕೇಳಲಿ, ನನ್ನ ಹತ್ತಿರ ಇನ್ನೂ ಹೊತ್ತಿದೆ.